ಚೇಟ್ಟನ್, ತಮ್ಮ ಮತ್ತು ಕಾಣೆಯಾದ ಒತ್ತು: ದುಂಡುತುದಿಯ ಅಕ್ಷರಗಳ ಚರಿತ್ರೆಯನ್ನು ಕಾಸರಗೋಡಿನಿಂದ ಓದುವುದು

(ಗಡಿಯಾಚೆಯ ಕನ್ನಡ ಸಮುದಾಯಗಳನ್ನು ಕುರಿತ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳ್ತಾ ಉಂಟು ಅಂತ ಭಾವಿಸ್ತೇನೆ. ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ, ಊರು ಬದಿಯಡ್ಕದ ಹತ್ತಿರ. ಇವತ್ತಿನವರೆಗೆ ಈ ವೇದಿಕೆಯಲ್ಲಿ ಗಡಿನಾಡಿನ ಸಾಹಿತ್ಯ, ಶಾಲೆ, ಜಾನಪದ ಇವುಗಳ ಬಗ್ಗೆ ಮಾತು ಕೇಳಿದ್ದೇವೆ. ನಾನು ಸ್ವಲ್ಪ ಬೇರೆ ದಾರಿ ಹಿಡಿದಿದ್ದೇನೆ. ನನ್ನ ವಿಷಯ ಅಕ್ಷರದ ಆಕಾರ, ಅದರಲ್ಲೂ ತುದಿಗಳು ದುಂಡಗಿರುವ, ಎಲ್ಲ ಗೆರೆಯೂ ಒಂದೇ ದಪ್ಪ ಇರುವ ಒಂದು ಜಾತಿಯ ಅಕ್ಷರ. ಮಕ್ಕಳ ಪುಸ್ತಕದ ಮೇಲೆ, ಐಸ್‌ಕ್ರೀಮ್ ಅಂಗಡಿಯ ಬೋರ್ಡಿನಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ ನೀವೆಲ್ಲ ಅದನ್ನು ನೋಡಿಯೇ ಇರುತ್ತೀರಿ.

ಸಾಹಿತ್ಯದ ವಿದ್ಯಾರ್ಥಿಗೆ ಇದೆಂತ ಕೆಲಸ ಅಂತ ಕೇಳಬಹುದು. ಅದಕ್ಕೆ ಉತ್ತರವಾಗಿ ಮೊದಲು ಒಂದು ಬ್ಯಾನರಿನ ಕಥೆ ಹೇಳುತ್ತೇನೆ.

1. ಬ್ಯಾನರು

ನಮ್ಮ ಹಳೆ ವಿದ್ಯಾರ್ಥಿಗಳ ಕೂಟಕ್ಕೆ ಫ್ಲೆಕ್ಸ್ ಮಾಡಿಸುವ ಜವಾಬ್ದಾರಿ ನನ್ನ ಮೇಲೆ ಬಂದಿತ್ತು. ಇಂಗ್ಲಿಷ್, ಮಲಯಾಳ, ಕನ್ನಡ, ಮೂರೂ ಭಾಷೆಯಲ್ಲಿ ಇರಬೇಕು. ಅಂಗಡಿಯ ಹುಡುಗ ಒಳ್ಳೆಯವನೇ. ಇಂಗ್ಲಿಷಿಗೆ ಒಂದು ಚಂದದ ದುಂಡುತುದಿಯ ದಪ್ಪ ಫಾಂಟು ಹಾಕಿದ, ಮಲಯಾಳಕ್ಕೂ ಅದಕ್ಕೆ ಹೊಂದುವಂಥದ್ದೊಂದು ಅವನ ಹತ್ತಿರ ಇತ್ತು. ಕನ್ನಡದ ಸಾಲು ಬಂದಾಗ "ಚೇಚ್ಚಿ, ಇದರಲ್ಲಿ ಕನ್ನಡ ಇಲ್ಲ" ಅಂದ. ಕಂಪ್ಯೂಟರು ತಾನೇ ಹುಡುಕಿ ಯಾವುದೋ ತೆಳ್ಳಗಿನ ಅಕ್ಷರವನ್ನು ತಂದು ಕೂರಿಸಿತು. ಮೇಲಿನ ಎರಡು ಸಾಲು ಮದುವೆ ಮನೆಗೆ ಬಂದವರ ಹಾಗೆ, ಕೆಳಗಿನ ಸಾಲು ಹೊಸ್ತಿಲಲ್ಲೇ ನಿಂತವರ ಹಾಗೆ.

ಅವನು ಸರಿಮಾಡಲು ನೋಡಿದ. ತೆಳು ಅಕ್ಷರದ ಸುತ್ತ ಅದೇ ಬಣ್ಣದ ಗೆರೆ ಎಳೆದು ದಪ್ಪ ಮಾಡಿದ. ಮೂರು ಸಾಲಿಗೂ ಸಮ ಜಾಗ ಬರಲಿ ಅಂತ ಸಾಲುಗಳನ್ನು ಹತ್ತಿರ ತಂದು, ಕನ್ನಡದ ಕೆಳಗೆ ಒಂದು ಹಸಿರು ಪಟ್ಟಿ ಕೊಟ್ಟ. ಸಂಜೆಯ ಗಡಿಬಿಡಿಯಲ್ಲಿ ನಾನೂ ಸರಿಯಾಗಿ ನೋಡದೆ ಹೂಂ ಅಂದುಬಿಟ್ಟೆ.

ಮರುದಿನ ಬ್ಯಾನರಿನ ಎದುರು ನಿಂತವರು ನಮಗೆ ಒಂದನೇ ಕ್ಲಾಸಿನಲ್ಲಿ ಅಕ್ಷರ ಕಲಿಸಿದ ಟೀಚರ್. ಹಸಿರು ಪಟ್ಟಿ ಒತ್ತನ್ನು ನುಂಗಿ 'ಬದಿಯಡ್ಕ' ಹೋಗಿ 'ಬದಿಯಡ' ಆಗಿತ್ತು. ದಪ್ಪ ಮಾಡಿದ್ದರಿಂದ 'ಸಭಾಭವನ'ದ ಭಕಾರಗಳ ಸೀಳು ಮುಚ್ಚಿಹೋಗಿ 'ಸಬಾಬವನ' ಆಗಿತ್ತು. ಟೀಚರ್ ಬೈಯಲಿಲ್ಲ. "ನಾನು ಹೊಟ್ಟೆ ಸೀಳಿಯೇ ಕಲಿಸಿದ್ದೆನಲ್ಲ ಮಾರಾಯ್ತಿ" ಅಂದರು, ಅಷ್ಟೆ. ಆಮೇಲೆ ಮೂರು ಗಂಟೆ ಆ ಬ್ಯಾನರಿನ ಕೆಳಗೆ ಕೂತಿದ್ದೆವು. ಈ ಪ್ರಬಂಧ ಶುರುವಾದದ್ದು ಅಲ್ಲಿ.

2. ದುಂಡುತುದಿ ಎಲ್ಲಿಂದ ಬಂತು

ಹುಡುಗ ಇಂಗ್ಲಿಷಿಗೆ ಹಾಕಿದ ಫಾಂಟಿನ ಹೆಸರು ವ್ಯಾಗ್ ರೌಂಡೆಡ್. ಆ ಹೆಸರಿನ ಹಿಂದೆ ಹೋದರೆ ನಾವು ಜರ್ಮನಿಯ ಕಾರು ಕಂಪನಿಯೊಂದರ ಬಾಗಿಲಿಗೆ ತಲುಪುತ್ತೇವೆ.

ಅದಕ್ಕೂ ಮೊದಲು ಒಂದು ಮಾತು. 1927ರಲ್ಲಿ ಪೌಲ್ ರೆನ್ನರ್ ಎಂಬ ಜರ್ಮನ್ ವಿನ್ಯಾಸಕ ರೂಪಿಸಿದ ಫ್ಯೂಚುರಾ ಬಂತು. ವೃತ್ತ, ತ್ರಿಕೋನ, ನೇರಗೆರೆ ಇವುಗಳಿಂದಲೇ ಅಕ್ಷರ ಕಟ್ಟಿದ ಹಾಗೆ ಕಾಣುವ ಫಾಂಟು ಅದು. ಇಂಗ್ಲಿಷಿನ 'ಓ' ಅಲ್ಲಿ ಹೆಚ್ಚುಕಡಿಮೆ ಕೈವಾರದ ವೃತ್ತ. ಈ ಬಗೆಯದನ್ನು ಜ್ಯಾಮಿತೀಯ ಅಕ್ಷರ ಅನ್ನುತ್ತೇವೆ. ಆದರೆ ಫ್ಯೂಚುರಾದಲ್ಲಿ ದುಂಡಗಿರುವುದು ಅಕ್ಷರದ ಹೊಟ್ಟೆ ಮಾತ್ರ, ಗೆರೆಯ ತುದಿ ಕತ್ತಿಯಲ್ಲಿ ಕಡಿದ ಹಾಗೆ ನೇರ. ಹೊಟ್ಟೆಯ ದುಂಡು ಬೇರೆ, ತುದಿಯ ದುಂಡು ಬೇರೆ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಡಿ, ಮುಂದೆ ಕನ್ನಡಕ್ಕೆ ಬಂದಾಗ ಬೇಕಾಗ್ತದೆ.

ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಜಾಹೀರಾತುಗಳಲ್ಲಿ ಫ್ಯೂಚುರಾವನ್ನೇ ಬಳಸುತ್ತಿತ್ತು. 1960ರ ದಶಕದಲ್ಲಿ ಅದು ಆಟೋ ಯೂನಿಯನ್ ಕಂಪನಿಯನ್ನು ಕೊಂಡಿತು, ಔಡಿ ಹೆಸರು ಹಾಗೆ ಅದರ ಮನೆಗೆ ಬಂತು. ಔಡಿಯ ಕಡೆಯ ಅಕ್ಷರ ಟೈಮ್ಸ್, ಅಂದರೆ ತುದಿಗೆ ಕುಚ್ಚು ಇರುವ, ದಪ್ಪ-ತೆಳು ಗೆರೆಯ ಪತ್ರಿಕೆಯ ಅಕ್ಷರ. 1970ರ ದಶಕದ ಕೊನೆಗೆ ಎರಡೂ ಕಾರುಗಳ ಮಾರಾಟಗಾರರನ್ನು ವಿ.ಎ.ಜಿ. ಎಂಬ ಒಂದೇ ಹೆಸರಿನಡಿ ತಂದರು. ಒಂದೇ ಅಂಗಡಿ, ಎರಡು ಮನೆತನದ ಕಾರು. ಬೋರ್ಡಿನಲ್ಲಿ ಯಾರ ಅಕ್ಷರ? ಫ್ಯೂಚುರಾ ಹಾಕಿದರೆ ಔಡಿಯವರು ಸೊಸೆ ಮನೆಗೆ ಬಂದ ಹಾಗೆ, ಟೈಮ್ಸ್ ಹಾಕಿದರೆ ಫೋಕ್ಸ್‌ವ್ಯಾಗನ್‌ನವರಿಗೆ ಅವಮಾನ. ಹಾಗಾಗಿ ಎರಡೂ ಅಲ್ಲದ ಮೂರನೆಯದೊಂದು ಬೇಕಾಯಿತು. ಸೆಡ್ಲಿ ಪ್ಲೇಸ್ ಎಂಬ ಬ್ರಿಟಿಷ್ ವಿನ್ಯಾಸ ತಂಡ ಅದನ್ನು ಮಾಡಿಕೊಟ್ಟಿತು. ಆ ತಂಡದ ಗೆರಿ ಬಾರ್ನಿ, 1965ರ ಬ್ರಿಟಿಷ್ ರೈಲಿನ ಜೋಡಿ ಬಾಣದ ಗುರುತನ್ನು ಬರೆದವರು. 1979ರ ಹೊತ್ತಿಗೆ ವ್ಯಾಗ್ ರೌಂಡೆಡ್ ಮಾರಾಟಗಾರರ ಬೋರ್ಡುಗಳಲ್ಲಿ ಕಾಣಿಸಿಕೊಂಡಿತು. ಹೊಟ್ಟೆಯೂ ದುಂಡು, ತುದಿಯೂ ದುಂಡು.

ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಇದು: ದುಂಡುತುದಿ ಅಲ್ಲಿ ಬರೇ ಅಲಂಕಾರಕ್ಕೆ ಬಂದದ್ದಲ್ಲ. ಎರಡು ಮನೆಯವರನ್ನು ಒಂದೇ ಮಾಡಿನ ಕೆಳಗೆ, ಯಾರೂ ಮೇಲು ಕೀಳು ಅನ್ನಿಸದ ಹಾಗೆ ಕೂರಿಸಬೇಕಿತ್ತು. ಅದಕ್ಕೆ ಹುಡುಕಿದ ಆಕಾರ ಅದು.

ಆಮೇಲೆ ಅದರ ಬದುಕು ಯಜಮಾನನನ್ನು ಬಿಟ್ಟು ಹೊರಟಿತು. 1989ರಲ್ಲಿ ಅಡೋಬಿ ಕಂಪನಿ ಅದನ್ನು ಎಲ್ಲರಿಗೂ ಮಾರಾಟಕ್ಕಿಟ್ಟಿತು. 1990ರ ದಶಕದಲ್ಲಿ ಫೋಕ್ಸ್‌ವ್ಯಾಗನ್ ಬೇರೆ ಅಕ್ಷರಕ್ಕೆ ಹೋಯಿತು. 1999ರ ಐಬುಕ್‌ನಿಂದ ಹಿಡಿದು 2015ರಲ್ಲಿ ಹೊಸ ಮ್ಯಾಕ್‌ಬುಕ್ ಬರುವವರೆಗೆ ಆಪಲ್ ಕೀಲಿಮಣೆಯ ಗುಂಡಿಗಳ ಮೇಲೆ ಇದ್ದದ್ದು ಇದೇ ಅಕ್ಷರ. ನಮ್ಮಲ್ಲಿ ಕೆಲವರು ಹೆಸರು ತಿಳಿಯದೆ ದಿನಾ ಬೆರಳಿಟ್ಟು ಮುಟ್ಟಿದ್ದೇವೆ.

3. ಆಯುಧ ಮತ್ತು ತುದಿ

ವ್ಯಾಗ್ ರೌಂಡೆಡ್‌ನಲ್ಲಿ ದುಂಡುತುದಿ ಒಂದು ಆಯ್ಕೆ. ಆದರೆ ಅದಕ್ಕಿಂತ ಬಹಳ ಮೊದಲೇ ಆಯುಧ ತಾನಾಗಿಯೇ ತುದಿಯನ್ನು ದುಂಡು ಮಾಡುತ್ತಿತ್ತು. ಲೋಹದ ಫಲಕದಲ್ಲಿ ತಿರುಗುವ ಮೊನೆಯಿಂದ ಅಕ್ಷರ ಕೊರೆದರೆ, ಗೆರೆ ಎಲ್ಲಿ ನಿಂತಿತೋ ಅಲ್ಲಿ ಅರ್ಧವೃತ್ತವೇ ಮೂಡುವುದು. ನಿಯಾನ್ ದೀಪದ ಗಾಜಿನ ಕೊಳವೆಯನ್ನು ಬಗ್ಗಿಸಬಹುದು, ಚೂಪು ಮೂಲೆ ಮಾಡುವುದು ಕಷ್ಟ.

ಇಲ್ಲಿಂದ ಕನ್ನಡಕ್ಕೆ ಬರುವುದು ದೂರವಲ್ಲ. ತಾಳೆಗರಿಯಲ್ಲಿ ಕಂಟದಿಂದ ಗೀರಿ, ಮೇಲೆ ಮಸಿ ಉಜ್ಜುತ್ತಿದ್ದರು. ಕಂಟದ ಮೊನೆ ಎಲ್ಲ ದಿಕ್ಕಿಗೂ ಒಂದೇ, ಹಾಗಾಗಿ ಗೆರೆಯೂ ಆದಿಯಿಂದ ಅಂತ್ಯದವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ. ಅಂದರೆ ಒಂದೇ ದಪ್ಪದ ಗೆರೆ, ಸುತ್ತುವ ಹೊಟ್ಟೆ, ಇವು ಕನ್ನಡಕ್ಕೆ ಹೊರಗಿನಿಂದ ಬಂದ ಫ್ಯಾಷನ್ ಅಲ್ಲ. ದಪ್ಪ-ತೆಳು ಗೆರೆ ನಮ್ಮ ಕಣ್ಣಿಗೆ ಅಭ್ಯಾಸವಾದದ್ದು ಅಚ್ಚುಮೊಳೆಯ ಕಾಲದಲ್ಲಿ.

ಆ ಅಚ್ಚಿನ ಕಥೆಯಲ್ಲಿ ನಮ್ಮ ಕರಾವಳಿಗೆ ದೊಡ್ಡ ಪಾಲುಂಟು. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ದೂರದ ಸೇರಾಂಪುರದಲ್ಲಿ ಅಚ್ಚಾಯಿತು. 1841ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು. ಮೊದಮೊದಲು ಅಲ್ಲಿದ್ದದ್ದು ಕಲ್ಲಚ್ಚು. ಹರ್ಮನ್ ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲೇ ಬಂತು. ಕಲ್ಲಚ್ಚೆಂದರೆ ಕೈಬರಹದ ಗೆರೆಯೇ ಅಚ್ಚಾಗುವುದು. ಮೊಳೆಯ ಕಾಲದಲ್ಲಿ ಒತ್ತಿಗೆ ಬೇರೆ ಮೊಳೆ, ಅದಕ್ಕೆ ಬೇರೆ ಜಾಗ. ಅಕ್ಷರ ಜೋಡಿಸುವವರ ಬೆರಳಿಗೆ ಒತ್ತು ಎಷ್ಟು ಜಾಗ ಕೇಳುತ್ತದೆ ಎಂದು ಗೊತ್ತಿತ್ತು. ಕಿಟ್ಟೆಲ್ ನಿಘಂಟು 1894ರಲ್ಲಿ ಇದೇ ಮಂಗಳೂರಿನಿಂದ ಹೊರಬಂತು. ಆಗ ಕಾಸರಗೋಡು ಅದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅಚ್ಚಿನ ಮನೆ ಗಡಿಯ ಆಚೆ ಉಳಿಯಿತು, ಓದುವವರು ಈಚೆ. ಅಲ್ಲಿಂದ ಮುಂದೆ ನಮ್ಮ ರಸ್ತೆಗಳಲ್ಲಿ ಕನ್ನಡ ಅಕ್ಷರವನ್ನು ಕಾಪಾಡಿದ್ದು ಹೆಚ್ಚಾಗಿ ಬೋರ್ಡು ಬರೆಯುವವರು. ನಮ್ಮ ಪಕ್ಕದ ಮನೆಯ ಮಾವ ಒಬ್ಬರು ಆ ಕೆಲಸ ಮಾಡುತ್ತಿದ್ದರು. ಅವರ ಅಕ್ಷರದ ತುದಿ ಯಾವಾಗಲೂ ದುಂಡು. ಯಾಕೆ ಅಂತ ಕೇಳಿದ್ದಕ್ಕೆ, "ಮೂಲೆ ಕೊಟ್ರೆ ಮಳೆಗಾಲಕ್ಕೆ ಬಣ್ಣ ಮೊದಲು ಏಳುದು ಅಲ್ಲೇ. ಮತ್ತೆ ಬ್ರಶ್ಶು ತಿರುಗುವಾಗ ಅದೇ ದುಂಡು ಮಾಡ್ತದೆ" ಅಂದರು. ಮೂರು ಭಾಷೆಯ ಬೋರ್ಡಿಗೆ ಅವರು ಮೊದಲು ಸುಣ್ಣದ ದಾರದಲ್ಲಿ ಸಾಲು ಹೊಡೆಯುತ್ತಿದ್ದರು. ಕನ್ನಡದ ಸಾಲಿನ ಕೆಳಗೆ ಮಾತ್ರ ನಾಲ್ಕು ಬೆರಳು ಹೆಚ್ಚು ಬಿಡುತ್ತಿದ್ದರು. "ಒತ್ತು ಇಳೀಬೇಕಲ್ಲ." ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿಗೆ ತಿಳಿಯದೇ ಹೋದದ್ದು ಈ ನಾಲ್ಕು ಬೆರಳಿನ ಲೆಕ್ಕ.

4. ಒತ್ತು ಮತ್ತು ಸೀಳು

ಕನ್ನಡಕ್ಕೆ ದುಂಡುತುದಿಯ ದಪ್ಪ ಅಕ್ಷರ ಮಾಡುವವರಿಗೆ ಎದುರಾಗುವ ತೊಡಕುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ.

ಮೊದಲನೆಯದು ಸೀಳು. ದ-ಧ, ಡ-ಢ, ಬ-ಭ, ಪ-ಫ: ಈ ಜೋಡಿಗಳಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ವ್ಯತ್ಯಾಸ ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಗೀಟು. ಗೆರೆ ದಪ್ಪವಾದಷ್ಟೂ ಒಳಗಿನ ಬಿಳಿ ಜಾಗ ಕಿರಿದಾಗುತ್ತದೆ. ತುದಿಗಳೂ ದುಂಡಾದರೆ ಗೀಟಿನ ಮೊನೆ ಹೋಗಿ ಅದೊಂದು ಗುಳ್ಳೆಯ ಹಾಗೆ ಕಾಣುತ್ತದೆ, ದೂರದಿಂದ ನೋಡಿದರೆ ಅದೂ ಇಲ್ಲ. ಆದ್ದರಿಂದ ದಪ್ಪ ಅಕ್ಷರ ಎಂದರೆ ತೆಳು ಅಕ್ಷರಕ್ಕೆ ಸುತ್ತ ಗೆರೆ ಎಳೆದದ್ದಲ್ಲ. ಹೊಟ್ಟೆಯನ್ನು ಅಗಲಿಸಿ, ಗೀಟು ಸೇರುವಲ್ಲಿ ಗೆರೆಯನ್ನು ತುಸು ತೆಳುಮಾಡಿ ಮತ್ತೊಮ್ಮೆ ಬರೆಯಬೇಕು. ಇಂಗ್ಲಿಷಿನಲ್ಲೂ ಹೀಗೆ ಕಣ್ಣಳತೆಯ ತಿದ್ದುಪಡಿ ಉಂಟು: 'ಓ' ಸಾಲಿಗಿಂತ ಕೂದಲೆಳೆಯಷ್ಟು ಹೊರಗೆ ಚಾಚದಿದ್ದರೆ ಚಿಕ್ಕದಾಗಿ ಕಾಣುತ್ತದೆ. ಆದರೆ ಅಲ್ಲಿ ತಪ್ಪಿದರೆ ಅಂದ ಕೆಡುತ್ತದೆ, ಇಲ್ಲಿ ತಪ್ಪಿದರೆ ಅಕ್ಷರವೇ ಬೇರೆಯಾಗುತ್ತದೆ.

ಎರಡನೆಯದು ಒತ್ತು. ನಮ್ಮ ಊರುಗಳ ಹೆಸರನ್ನೇ ನೋಡಿ: ಮಂಜೇಶ್ವರ, ಉಪ್ಪಳ, ಬದಿಯಡ್ಕ, ಮುಳ್ಳೇರಿಯ, ಎಣ್ಮಕಜೆ. ಒತ್ತಿಲ್ಲದ ಹೆಸರು ಹುಡುಕಬೇಕು. ಪಕ್ಕದ ಮಲಯಾಳ ಲಿಪಿಯಲ್ಲಿ ಕ್ಕ, ಪ್ಪ ಮುಂತಾದವು ಅಕ್ಕಪಕ್ಕ ಬೆಸೆದುಕೊಂಡು ಸಾಲಿನಲ್ಲೇ ಉಳಿಯುತ್ತವೆ. ಜೊತೆಗೆ, ಬೆರಳಚ್ಚು ಯಂತ್ರಕ್ಕೂ ಮುದ್ರಣಕ್ಕೂ ಅನುಕೂಲವಾಗಲೆಂದು 1971ರಲ್ಲಿ ಕೇರಳ ಸರ್ಕಾರ ಲಿಪಿ ಸುಧಾರಣೆ ಮಾಡಿತು. ಉಕಾರದ ಚಿಹ್ನೆಗಳು ಅಕ್ಷರದಿಂದ ಬಿಡಿಯಾಗಿ ಪಕ್ಕಕ್ಕೆ ಬಂದವು, ಎಷ್ಟೋ ಸಂಯುಕ್ತಾಕ್ಷರಗಳು ಬಿಚ್ಚಿಕೊಂಡವು. ಹೀಗಾಗಿ ಮಲಯಾಳದ ಸಾಲು ಉದ್ದಕ್ಕೆ ಬೆಳೆಯುತ್ತದೆ, ಕನ್ನಡದ ಸಾಲು ಆಳಕ್ಕೆ ಇಳಿಯುತ್ತದೆ. ಮೂರು ಸಾಲಿಗೂ ಸಮ ಎತ್ತರ ಕೊಡುವುದು ನ್ಯಾಯ ಅಂತ ಕಾಣುತ್ತದೆ. ಆದರೆ ಹಾಗೆ ಮಾಡಿದಾಗ ಕನ್ನಡದ ಮೂಲಾಕ್ಷರ ಕುಗ್ಗಬೇಕು, ಇಲ್ಲವೇ ಒತ್ತು ಕಡಿಯಬೇಕು. ನಮ್ಮ ಬ್ಯಾನರಿನಲ್ಲಿ ಆದದ್ದು ಎರಡನೆಯದು.

ಹಳೆಯ ಡಿಟಿಪಿ ಕಾಲದಲ್ಲಿ ಇನ್ನೊಂದು ಗೋಜಲಿತ್ತು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಅಡಗಿಸಿಡುತ್ತಿದ್ದರು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಮಂಗಳೂರಿನಲ್ಲಿ ಕನ್ನಡ ಫಾಂಟು ಸಿಗುವುದು ಸುಲಭ, ಗಡಿಯ ಈಚೆಯ ಅಂಗಡಿಯಲ್ಲಿ ಅಲ್ಲ. ಕನ್ನಡಕ್ಕೆ ಯೂನಿಕೋಡ್ ಬಂದ ಮೇಲೆ ಅಕ್ಷರ ಕಳೆದುಹೋಗುವುದು ನಿಂತಿತು. ಆದರೆ ಯಾವ ಉಡುಪಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಈಗಲೂ ಅಂಗಡಿಯಲ್ಲಿ ಏನಿದೆಯೋ ಅದರ ಮೇಲೆಯೇ.

5. ಅಣ್ಣತಮ್ಮಂದಿರ ಮನೆ

ಬ್ಯಾನರಿನ ನಂತರ ನಾನು ಹುಡುಕಲು ಶುರುಮಾಡಿದೆ. ಆಗ ಸಿಕ್ಕಿದ್ದು ಬಾಲೂ. ಮುಂಬೈಯ ಏಕ್ ಟೈಪ್ ಎಂಬ ವಿನ್ಯಾಸಕರ ಬಳಗ ಮಾಡಿದ ಫಾಂಟುಗಳ ಕುಟುಂಬ ಇದು. 2016ರ ಹೊತ್ತಿಗೆ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ, ಮುಕ್ತ ಪರವಾನಗಿಯಲ್ಲಿ ಸಿಗತೊಡಗಿತು. ವ್ಯಾಗ್ ರೌಂಡೆಡ್‌ನಷ್ಟು ಕಟ್ಟುನಿಟ್ಟಿನ ಜ್ಯಾಮಿತಿ ಇದರದ್ದಲ್ಲ. ಬ್ರಶ್ಶಿನ ಓಟ ಹೆಚ್ಚು, ಮೈ ತುಂಬಿಕೊಂಡ ಅಕ್ಷರ. ಆದರೆ ದುಂಡುತುದಿ, ದಪ್ಪ ಗೆರೆ, ಸ್ನೇಹದ ಮುಖ, ಇವುಗಳಲ್ಲಿ ಅದೇ ಬಳಗ.

ಇದರ ಹೆಸರುಗಳು ನಮ್ಮ ಸಂಕಿರಣಕ್ಕೆಂದೇ ಇಟ್ಟ ಹಾಗೆ ಉಂಟು. ಭಾರತದ ಒಂಬತ್ತು ಲಿಪಿಗಳಿಗೆ ಒಂದೊಂದು ಫಾಂಟು. ದೇವನಾಗರಿಗೆ ಬರೇ ಬಾಲೂ. ಉಳಿದ ಎಂಟಕ್ಕೂ ಆಯಾ ಭಾಷೆಯವರು ಅಣ್ಣನನ್ನೋ ತಮ್ಮನನ್ನೋ ಕರೆಯುವ ಹೆಸರು. ಗುಜರಾತಿಗೆ ಬಾಲೂ ಭಾಯ್, ಬಂಗಾಳಿಗೆ ಬಾಲೂ ದಾ, ಗುರುಮುಖಿಗೆ ಬಾಲೂ ಪಾಜಿ, ಒಡಿಯಾಗೆ ಬಾಲೂ ಭೈನಾ. ತಮಿಳಿಗೆ ಬಾಲೂ ತಂಬಿ, ತೆಲುಗಿಗೆ ಬಾಲೂ ತಮ್ಮುಡು, ಕನ್ನಡಕ್ಕೆ ಬಾಲೂ ತಮ್ಮ. ಮಲಯಾಳಕ್ಕೆ ಬಾಲೂ ಚೇಟ್ಟನ್. ಗಮನಿಸಿ, ದಕ್ಷಿಣದ ನಾಲ್ವರಲ್ಲಿ ಮೂವರು ತಮ್ಮಂದಿರು, ಮಲಯಾಳ ಒಬ್ಬನೇ ಅಣ್ಣ! ಕಾಸರಗೋಡಿನವಳಾಗಿ ನಾನು ಇದನ್ನು ಓದಿ ಒಬ್ಬಳೇ ನಕ್ಕೆ. ಇಟ್ಟವರಿಗೆ ಅಂಥ ಉದ್ದೇಶ ಇದ್ದಿರಲಾರದು. ಆದರೆ ನಮ್ಮ ಬೋರ್ಡುಗಳಲ್ಲಿ ಯಾರು ಚೇಟ್ಟನ್, ಯಾರು ತಮ್ಮ ಎಂಬುದು ನಮಗೆ ಗೊತ್ತುಂಟಲ್ಲ.

ನಗೆ ಬದಿಗಿಟ್ಟು ನೋಡಿದರೆ, ಬಾಲೂ ಮಾಡಿದ ಕೆಲಸ ವ್ಯಾಗ್ ರೌಂಡೆಡ್ ಮಾಡಿದ್ದರ ಮುಂದಿನ ಹೆಜ್ಜೆ. ಅಲ್ಲಿ ಎರಡು ಕಂಪನಿಯವರಿಗೆ ಒಂದೇ ಅಕ್ಷರ ಕೊಟ್ಟು ಒಂದೇ ಮನೆಯವರನ್ನಾಗಿ ಮಾಡಿದರು. ಇಲ್ಲಿ ಪ್ರತಿಯೊಬ್ಬನಿಗೂ ಅವನದೇ ಆಕಾರ ಉಳಿಸಿ ಒಂದೇ ಮನೆಯವರ ಹಾಗೆ ಕಾಣುವಂತೆ ಮಾಡಬೇಕಿತ್ತು. ಇದು ಕಷ್ಟದ ಕೆಲಸ. ಗೆರೆಯ ದಪ್ಪ, ತುದಿಯ ಬಳಪು, ಒಟ್ಟು ಕಪ್ಪು-ಬಿಳುಪಿನ ಪ್ರಮಾಣ, ಇಷ್ಟು ಸಮ. ಮಿಕ್ಕಿದ್ದು ಅವರವರದು. ತಮ್ಮನಿಗೆ ತಲೆಕಟ್ಟು ಉಂಟು, ಒತ್ತು ಇಳಿಯುತ್ತದೆ. ಚೇಟ್ಟನ್ ಅಗಲವಾಗಿ ಕೂರುತ್ತಾನೆ.

ನಾನು ಬಾಲೂ ತಮ್ಮನನ್ನು ಪರೀಕ್ಷಿಸಲು ಒಂದೇ ಹೆಸರು ಬರೆದೆ: ಕಯ್ಯಾರ ಕಿಞ್ಞಣ್ಣ ರೈ. ಬದಿಯಡ್ಕದ ಕವಿ, ಕಾಸರಗೋಡಿನ ಕನ್ನಡಕ್ಕಾಗಿ ಬದುಕಿಡೀ ದನಿಯೆತ್ತಿದವರು. ಅವರ ಹೆಸರಿನ ಞ್ಞ ಎಷ್ಟೋ ಫಾಂಟುಗಳಲ್ಲಿ ಮುದ್ದೆಯಾಗಿ ಕಾಣುತ್ತದೆ. ಇಲ್ಲಿ ಅದು ಬಿಡಿಸಿಕೊಂಡು ಬಂತು. ತುಳು ಬಲ್ಲವರ ಕಿವಿಗೆ ಕಿಞ್ಞಣ್ಣ ಎಂದರೆ ಚಿಕ್ಕಣ್ಣ. ಅಣ್ಣನೂ ಹೌದು, ಚಿಕ್ಕವನೂ ಹೌದು.

ಮಿತಿಗಳನ್ನೂ ಹೇಳಬೇಕು. ಮೊದಲ ಬಾಲೂ ಒಂದೇ ದಪ್ಪದಲ್ಲಿತ್ತು. ನಂತರ ಬಂದ ಬಾಲೂ 2ರಲ್ಲಿ ಐದು ದಪ್ಪಗಳಿವೆ. ಬೋರ್ಡಿಗೆ ಅತಿ ದಪ್ಪದ್ದನ್ನು ಹಾಕಿದರೆ ದೂರದಿಂದ ಭಕಾರದ ಸೀಳು ಮತ್ತೆ ಸಂಶಯ. ನನ್ನ ಕಣ್ಣಿಗೆ ನಡುವಿನ ದಪ್ಪವೇ ಹಿತ. ಇದರಲ್ಲಿ ಪುಟಗಟ್ಟಲೆ ಪ್ರಬಂಧ ಅಚ್ಚುಹಾಕಿದರೆ ಓದುವವರ ಕಣ್ಣು ಸೋಲುತ್ತದೆ. ಚಿಕ್ಕ ಗಾತ್ರದಲ್ಲಿ ದುಂಡುತುದಿ ಹೇಗೂ ಕಾಣುವುದಿಲ್ಲ, ಅಕ್ಷರ ಬರೇ ಮಂಕಾಗುತ್ತದೆ. ಶೀರ್ಷಿಕೆ, ಬೋರ್ಡು, ಮಕ್ಕಳ ಪುಸ್ತಕ, ಆಮಂತ್ರಣ, ಇಲ್ಲಿ ಅದರ ಜಾಗ. ತಹಶೀಲ್ದಾರರ ನೋಟಿಸಿಗೆ ಈ ನಗುಮುಖ ಹೊಂದುವುದಿಲ್ಲ.

6. ಕೊನೆಯ ಮಾತು

ಮಂಡನೆಯ ನಂತರ ಚರ್ಚೆಯಲ್ಲಿ ಒಬ್ಬರು ಹಿರಿಯರು ಕೇಳಿದರು: "ಫಾಂಟು ಸರಿಯಾದರೆ ಕನ್ನಡಿಗರ ಹಕ್ಕು ಸಿಗ್ತದಾ ಅಮ್ಮಾ?" ನ್ಯಾಯವಾದ ಪ್ರಶ್ನೆ. ಸಿಗುವುದಿಲ್ಲ ಸರ್. ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಕಚೇರಿಯಲ್ಲಿ ಕನ್ನಡದ ಅರ್ಜಿ ನಡೆಯಬೇಕು. ಅವು ದೊಡ್ಡವು. ಆದರೆ ಬೋರ್ಡಿನಲ್ಲಿ ಕನ್ನಡ ಇರಬೇಕು ಎಂದು ಹೋರಾಡಿ ಪಡೆದ ಮೇಲೆ, ಆ ಕನ್ನಡ ಓದಲು ಬಾರದ ಹಾಗೆ ಇದ್ದರೆ ಏನು ಪಡೆದಂತಾಯಿತು? ಒತ್ತು ಕಡಿದ ಊರಿನ ಹೆಸರು ಮಗುವಿಗೆ ಕಲಿಸುವುದು ಎಂತ? ಕನ್ನಡ ಇದೆ, ಆದರೆ ಯಾರೂ ಓದುವುದಕ್ಕಲ್ಲ, ಎಂದು ತಾನೇ.

ಫ್ಲೆಕ್ಸ್ ಅಂಗಡಿಯ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಯಾರೂ ಕಲಿಸಿರಲಿಲ್ಲ. ಬಾಲೂ ತಮ್ಮ, ಬಾಲೂ ಚೇಟ್ಟನ್ ಎರಡನ್ನೂ ಅವನ ಕಂಪ್ಯೂಟರಿಗೆ ಹಾಕಿಕೊಟ್ಟೆ. ಪಕ್ಕದ ಮನೆಯ ಮಾವನ ನಾಲ್ಕು ಬೆರಳಿನ ಲೆಕ್ಕವನ್ನೂ ಹೇಳಿದೆ. ಬ-ಭ ಎರಡನ್ನೂ ಕಾಗದದಲ್ಲಿ ಬರೆದು ತೋರಿಸಿದಾಗ ಅವನು ತುಂಬಾ ಹೊತ್ತು ನೋಡಿ, "ಇಷ್ಟೇ ವ್ಯತ್ಯಾಸವಾ ಚೇಚ್ಚಿ" ಅಂದ. ಹೌದು, ಇಷ್ಟೇ. ಆ ಕಾಗದ ಈಗಲೂ ಅವನ ಮೇಜಿನ ಗಾಜಿನ ಕೆಳಗೆ ಉಂಟು.

ಈ ಸಂಕಿರಣದಲ್ಲಿ ಬೇರೆ ಬೇರೆ ಗಡಿಗಳಿಂದ ಬಂದ ಸ್ನೇಹಿತರಿದ್ದಾರೆ, ಅವರಲ್ಲಿ ಒಂದು ಕೇಳಿಕೆ. ತಾಳವಾಡಿಯಲ್ಲಿ ನಿಮ್ಮ ಕನ್ನಡದ ಪಕ್ಕ ಇರುವುದು ಒತ್ತು ಅಷ್ಟಾಗಿ ಇಲ್ಲದ ತಮಿಳು. ಅಕ್ಕಲಕೋಟೆಯಲ್ಲಿ ತಲೆಯ ಮೇಲೆ ಉದ್ದ ಗೆರೆ ಎಳೆಯುವ ದೇವನಾಗರಿ. ಆದೋನಿ, ಮಡಕಶಿರಾ ಕಡೆ ನಮ್ಮದೇ ಮುಖದ ತೆಲುಗು, ತಮ್ಮನ ಪಕ್ಕ ತಮ್ಮುಡು. ಪ್ರತಿ ಕಡೆಯೂ ತೊಂದರೆ ಬೇರೆ ಇರಬಹುದು. ನಿಮ್ಮೂರಿನ ಮೂರು ಬೋರ್ಡುಗಳ ಚಿತ್ರ ತೆಗೆದು ಕಳಿಸಿ. ಒತ್ತು ಪೂರ್ತಿ ಉಂಟಾ, ಸೀಳು ಕಾಣ್ತದಾ, ಕನ್ನಡ ಓದಲು ಎಷ್ಟು ಹೆಜ್ಜೆ ಹತ್ತಿರ ಬರಬೇಕು, ಈ ಮೂರನ್ನು ಬರೆದು ಕಳಿಸಿದರೆ ಸಾಕು. ಮುಂದಿನ ಸಲ ನಾವೆಲ್ಲ ಸೇರಿ ಅದನ್ನೇ ಓದೋಣ.